ಬೀಪ್ ಸಂಕಥನದ ಪಲ್ಲಟಗಳು: ಮಲೆನಾಡಿನ ಒಂದು ಕೆಟ್ಟ ಕಂಪ್ಯೂಟರಿನ ಬಹುಶಿಸ್ತೀಯ ಅಧ್ಯಯನ

ಪ್ರಸ್ತುತ ಪ್ರಬಂಧವು ಮೂಡಿಗೆರೆ-ಕಳಸ ಪರಿಸರದ ಕಾಫಿಸೀಮೆಯಲ್ಲಿ ದೊರೆತ ಬಿಬಿಸಿ ಮೈಕ್ರೋ ಕಂಪ್ಯೂಟರೊಂದರ ‘ಕೆಡುವಿಕೆ’ಯನ್ನು ಸಾಂಸ್ಕೃತಿಕ ಪಠ್ಯವಾಗಿ ಗ್ರಹಿಸಿ, ಅದರೊಡನೆ ಮುಖಾಮುಖಿಯಾಗಿ, ಅನುಸಂಧಾನ ನಡೆಸಿ, ಬಿಡುವಾದರೆ ರಿಪೇರಿಯನ್ನೂ ಮಾಡುವ ಉದ್ದೇಶ ಹೊಂದಿದೆ. ಅಧ್ಯಯನದ ವ್ಯಾಪ್ತಿ: ಮೇಜಿನಷ್ಟು. ಮಿತಿ: ಮೇಜು ಹೆಂಡತಿಗೆ ಬೇಕು. ವೈಧಾನಿಕತೆ: ಸ್ಕ್ರೂಡ್ರೈವರ್.

ಈ ಕ್ಷೇತ್ರದಲ್ಲಿ ಪೂರ್ವಸೂರಿಗಳ ಕೊಡುಗೆ ಅಪಾರ. ಕಳೆದ ಮಳೆಗಾಲ ಜಿಲ್ಲೆಯ ಕಾಲೇಜೊಂದರಲ್ಲಿ ‘ಮಲೆನಾಡು, ತಂತ್ರಜ್ಞಾನ ಮತ್ತು ಅಸ್ಮಿತೆಯ ಬಿಕ್ಕಟ್ಟು’ ಕುರಿತು ರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. (ರಾಷ್ಟ್ರೀಯ ಏಕೆಂದರೆ ಕೇರಳದಿಂದ ಒಬ್ಬರು ಬಂದಿದ್ದರು.) ಡಿಜಿಟಲ್ ಕಂದಕದ ಬಗ್ಗೆ ಮುಖ್ಯ ಭಾಷಣಕಾರರು ಊಟದ ಹೊತ್ತು ಮೀರಿ ಮಾತಾಡುತ್ತಿದ್ದಾಗ ಮೈಕ್ ಕೈಕೊಟ್ಟಿತು. ವೇದಿಕೆಯ ಮೇಲಿದ್ದ ಡಾಕ್ಟರೇಟುಗಳೆಲ್ಲ ಒಂದೊಂದಾಗಿ ಅದನ್ನು ತಟ್ಟಿ ‘ಹಲೋ ಹಲೋ’ ಅಂದವು. ಟೀ ಕೊಡಲು ಬಂದಿದ್ದ ಹುಡುಗ ಸಡಿಲವಾಗಿದ್ದ ಪಿನ್ ಒತ್ತಿ ಹೋದ. ಸಂಕಿರಣದ ನಡಾವಳಿಯಲ್ಲಿ ಅವನ ಹೆಸರಿಲ್ಲ.

ಇನ್ನು ಆಕರದ ಕುಲಮೂಲ. 1981ರ ಡಿಸೆಂಬರಿನಲ್ಲಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಬ್ರಿಟನ್ನಿನ ಬಿಬಿಸಿಯ ಕಂಪ್ಯೂಟರ್ ಸಾಕ್ಷರತೆ ಯೋಜನೆಗಾಗಿ ತಂದ ಪೆಟ್ಟಿಗೆ ಇದು. 6502 ಪ್ರೊಸೆಸರ್, 2 ಮೆಗಾಹರ್ಟ್ಸ್ ವೇಗ, 32 ಕೆಬಿ ಮೆಮೊರಿ. ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಇದರೊಳಗೆ ಹಿಡಿಸುವುದಿಲ್ಲ, ಅದೂ ಒಂದು ಗುಣವೇ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಮೊದಲ ಕಂತಿಗೆ 250 ಶಾಲೆಗಳನ್ನು ಆರಿಸಿ ಇದೇ ಯಂತ್ರವನ್ನು ಹಂಚಿತು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನು ‘ಯುನಿಕಾರ್ನ್’ ಎಂಬ ಹೆಸರಿನಲ್ಲೂ ತಯಾರಿಸಿತು. ನಮ್ಮ ಆಕರ ಸಿಕ್ಕಿದ್ದು ಗುಜರಿಯಲ್ಲಿ, ತೂಕದ ಲೆಕ್ಕದಲ್ಲಿ.

ಮಲೆನಾಡಿನಲ್ಲಿ ಕೆಡುವಿಕೆಯು ಏಳು ನೆಲೆಗಳಲ್ಲಿ ಸಂಭವಿಸುತ್ತದೆ. ಅವನ್ನು ಮಳೆ ನಕ್ಷತ್ರಗಳ ಪರಿಪ್ರೇಕ್ಷ್ಯದಲ್ಲಿ ನೋಡುವುದು ದೇಸೀ ಚಿಂತನೆಗೆ ಅನುಗುಣವಾದುದು.

ಒಂದು, ಹೂಮಳೆ ನೆಲೆ. ಮಾರ್ಚ್-ಏಪ್ರಿಲಿನಲ್ಲಿ ಕಾಫಿ ಹೂವಿಗೆಂದು ಎಲ್ಲರೂ ಆಕಾಶ ನೋಡುತ್ತಿರುವಾಗ ಮಳೆಯ ಜೊತೆ ಸಿಡಿಲೂ ಬರುತ್ತದೆ. ಲೈನಿನಲ್ಲಿ ಕರೆಂಟು ನುಗ್ಗಿ ಟಿವಿ, ಫ್ರಿಜ್ಜು ಸಮೇತ ಎಲ್ಲ ಸುಡುತ್ತದೆ. ಇದು ವರ್ಗಭೇದವಿಲ್ಲದ ನೆಲೆ.

ಎರಡು, ಆರಿದ್ರಾ ನೆಲೆ. ಗೋಡೆಯಲ್ಲಿ ನೀರು ಜಿನುಗುವ ಕಾಲ. ಬಿಬಿಸಿ ಮೈಕ್ರೋದ ಮುಖ್ಯ ಐಸಿಗಳು ಬೋರ್ಡಿಗೆ ಬೆಸೆದವಲ್ಲ, ಸಾಕೆಟ್ಟಿನಲ್ಲಿ ಕೂರಿಸಿದವು. ಶೀತಕ್ಕೆ ಅವುಗಳ ಕಾಲು ಕಪ್ಪಾಗಿ ಸಾಕೆಟ್ಟಿನ ಜೊತೆ ಸಂಪರ್ಕ ಕಳೆದುಕೊಳ್ಳುತ್ತವೆ. ‘ಕೇಂದ್ರ ಮತ್ತು ಅಂಚಿನ ನಡುವಿನ ಸಂವಾದಹೀನತೆ’ ಎಂದು ಇದನ್ನು ಕರೆಯಬಹುದು. ಕರೆದರೆ ಸರಿಹೋಗುವುದಿಲ್ಲ, ಕಿತ್ತು ಉಜ್ಜಿ ಕೂರಿಸಬೇಕು.

ಮೂರು, ಆಶ್ಲೇಷಾ ನೆಲೆ. ಇದು ಅತ್ಯಂತ ಸಂಕೀರ್ಣವಾದುದರಿಂದ ಮುಂದೆ ಪ್ರತ್ಯೇಕವಾಗಿ ಚರ್ಚಿಸಲಾಗಿದೆ. ನಾಲ್ಕರಿಂದ ಏಳರವರೆಗಿನ ನೆಲೆಗಳನ್ನು ಪ್ರಬಂಧಕಾರ ಇನ್ನೂ ಯೋಚಿಸಿಲ್ಲ. ಏಳು ಎಂದು ಮೊದಲೇ ಹೇಳಿಬಿಟ್ಟದ್ದರಿಂದ ಹಾಗೇ ಇರಲಿ. ಪರೀಕ್ಷಕರು ಅಷ್ಟು ದೂರ ಓದುವುದಿಲ್ಲ.

ಕ್ಷೇತ್ರಕಾರ್ಯಕ್ಕೆ ಬರೋಣ. ಆವೇದಕರು ಪೇಟೆಯ ರೇಡಿಯೋ-ಟಿವಿ ರಿಪೇರಿಯವರು. ವಿದ್ಯಾಭ್ಯಾಸ: ಎಸ್ಸೆಸ್ಸೆಲ್ಸಿ, ಫೇಲು. ಸಂದರ್ಶನದ ಭಾಷಿಕ ದಾಖಲೆ ಹೀಗಿದೆ:

“ಸ್ವಿಚ್ ಹಾಕಿ ನೋಡಿದ್ರಾ?”

“ಗುಜರಿಯವ್ನು ಹಾಕಿದ್ದ. ಪಟ್ ಅಂತು. ಹೊಗೆ ಬಂತಂತೆ. ಈ ಹೊಗೆಯ ಸಾಂಕೇತಿಕತೆ ಏನಂದ್ರೆ...”

“ಅದು ಆಮೇಲೆ ಮಾರಾಯ್ರೆ. ವಾಸನೆ ಹೆಂಗಿತ್ತು, ಮೀನು ಸುಟ್ಟಂಗಾ?”

ಹೌದು, ಹಾಗೇ ಇತ್ತಂತೆ. ಅವರು ಪೆಟ್ಟಿಗೆ ಬೋರಲು ಹಾಕಿದರು. ಹಿಂದೆ ಎರಡು, ಅಡಿಯಲ್ಲಿ ಎರಡು ಸ್ಕ್ರೂ. ಬಿಚ್ಚಿದರೆ ಹಿಂಬದಿಯ ಕಿಂಡಿಯೊಂದರಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು; ಕೀಬೋರ್ಡಿನ ಗುಂಡಿಗಳ ಸಂದಿಯಲ್ಲೆಲ್ಲ ಒಣಗಿದ ಕುಂಕುಮ. ಪವರ್ ಸಪ್ಲೈ ಡಬ್ಬಿ ತೆರೆದು ಟಾರ್ಚ್ ಬಿಟ್ಟು, “ಇಕಾ ನೋಡಿ” ಎಂದು ಉಗುರಿನಷ್ಟು ದೊಡ್ಡ ಒಂದು ಕೆಪಾಸಿಟರ್ ತೋರಿಸಿದರು. ಹೊಟ್ಟೆ ಒಡೆದು ಕಂದು ಗೋಂದು ಕಾರಿಕೊಂಡಿತ್ತು.

ಆಶ್ಲೇಷಾ ನೆಲೆಯ ತತ್ವ ಇಷ್ಟೇ. ಯಂತ್ರದ ಗದ್ದಲ ವಾಪಸ್ ಮನೆಯ ಲೈನಿಗೆ ಹೋಗದಿರಲೆಂದು ಕರೆಂಟು ಒಳಬರುವ ಜಾಗದಲ್ಲೇ ಇಂಥ ಕೆಪಾಸಿಟರ್ ಇಟ್ಟಿರುತ್ತಾರೆ. ಒಳಗೆ ಲೋಹ ಲೇಪಿಸಿದ ಕಾಗದದ ಸುರುಳಿ, ಹೊರಗೆ ಪಾರದರ್ಶಕ ಕವಚ. ವರ್ಷಗಳಾದಂತೆ ಕವಚದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ, ಕಾಗದ ಗಾಳಿಯ ಶೀತ ಹೀರುತ್ತದೆ. ಅಂಥದ್ದಕ್ಕೆ ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಕಾದು ಸಿಡಿಯುತ್ತದೆ. ಹೊಗೆ ಭಯಂಕರ, ನಷ್ಟ ಅಲ್ಪ. ಬಹಳ ಸಲ ಅದು ಸಿಡಿದ ಮೇಲೂ ಕಂಪ್ಯೂಟರ್ ನಡೆಯುತ್ತಲೇ ಇರುತ್ತದೆ. ಹೊಸ ಕೆಪಾಸಿಟರಿನ ಬೆಲೆ ಎರಡು ಕಾಫಿಗಿಂತ ಹೆಚ್ಚಲ್ಲ.

ಇದನ್ನು ಕೇಳಿದಾಗ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಏಕೆಂದರೆ ಆ ಕುಂಕುಮ ಯಾವ ಕೈಯದೆಂದು ನನಗೆ ಗೊತ್ತು. ಈ ಪೆಟ್ಟಿಗೆ ಇದ್ದ ಹೈಸ್ಕೂಲಿನಲ್ಲೇ ನಾನು ಓದಿದ್ದು. ಚಪ್ಪಲಿ ಹೊರಗೆ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು, ಸಾಲಿನಲ್ಲಿ ಹೋಗಿ ಅದನ್ನು ನೋಡುತ್ತಿದ್ದೆವು, ವರ್ಷಕ್ಕೊಂದು ಸಲ, ಆಯುಧಪೂಜೆಯ ದಿನ. ಉಳಿದ ದಿನ ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಕೋಣೆಗೆ ಬೀಗ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಒಮ್ಮೆ ಏರಿದ ವಸ್ತು ಕೆಟ್ಟರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯ ಹೆಡ್‌ಮಾಸ್ತರರಿಗೆ. ಅವರನ್ನು ನಾನು ಪೂರ್ತಿ ಬೈಯಲಾರೆ. ಆದರೆ ಮುಟ್ಟಿದರೆ ಕೆಡುತ್ತದೆಂದು ಬೀಗ ಹಾಕಿದ ಕೋಣೆಯಲ್ಲಿ, ಯಾರೂ ಮುಟ್ಟದೆಯೇ, ಶೀತ ಕುಡಿದು ಅದು ಕೆಟ್ಟಿತು. ದಿನಾ ಒಂದು ಗಂಟೆ ಮಕ್ಕಳು ಕುಟ್ಟಿದ್ದರೆ ಒಳಗಿನ ಬಿಸಿಗಾದರೂ ಒಣಗಿರುತ್ತಿತ್ತು.

ತೋಟದ ಕೂಲಿಕಾರರ ಲೈನ್ ಮನೆಗಳಿಂದ ಬರುತ್ತಿದ್ದ ಮಕ್ಕಳು ನಮ್ಮ ತರಗತಿಯಲ್ಲಿ ಅರ್ಧದಷ್ಟಿದ್ದರು. ಆ ಯಂತ್ರಕ್ಕೆ ಸ್ವಿಚ್ ಹಾಕಿದರೆ ಬೇರೇನೂ ಬೇಡ, ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಿದ್ಧವಾಗಿ ಕೂತಿರುತ್ತದೆ. ಇಂಗ್ಲಿಷ್ ಪೆಟ್ಟಿಗೆ, ವಸಾಹತುಶಾಹಿ ಪಠ್ಯ ಎಂದು ಆ ಸಂಕಿರಣದಲ್ಲಿ ಜರೆದ ಈ ಯಂತ್ರದಲ್ಲೇ ವಿಡಿಯು 23 ಎಂಬ ಆಜ್ಞೆಯೊಂದಿದೆ. ಎಂಟಕ್ಕೆ ಎಂಟು ಚೌಕದಲ್ಲಿ ನಿಮಗೆ ಬೇಕಾದ ಅಕ್ಷರವನ್ನು ನೀವೇ ಬರೆದುಕೊಳ್ಳಬಹುದು. ಮೋಡ್ 4ಕ್ಕೆ ಹೋಗಿ ವಿಡಿಯು 23,224,126,60,66,129,153,129,66,60 ಎಂದು ಕೊಟ್ಟು, ಆಮೇಲೆ ವಿಡಿಯು 224 ಎಂದರೆ ಪರದೆಯ ಮೇಲೆ ತಲೆಕಟ್ಟಿನ ಸಮೇತ ಒಂದು ‘ಠ’ ಮೂಡುತ್ತದೆ. ಮಗ್ಗಿ ಬರುವ ಯಾವ ಮಗುವೂ ಚೌಕದ ಹಾಳೆಯಲ್ಲಿ ಲೆಕ್ಕ ಹಾಕಿ ಇದನ್ನು ಮಾಡಬಹುದಿತ್ತು. ಇದೇ ಮೂಡಿಗೆರೆಯಲ್ಲಿ ಕೂತು ಸಾಹಿತಿ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡರು. ಅವರ ಜೊತೆ ಕೆಲಸ ಮಾಡಬಹುದಾಗಿದ್ದ ಹುಡುಗ ಹುಡುಗಿಯರು ಕಿಟಕಿಯ ಸರಳು ಹಿಡಿದು ಕಸೂತಿ ಬಟ್ಟೆ ನೋಡಿ, ಎಸ್ಸೆಸ್ಸೆಲ್ಸಿ ಮುಗಿಸಿ ಕಾಫಿ ಕೊಯ್ಲಿಗೆ ಹೋದರು.

ಉಪಸಂಹಾರ ಬರೆಯಬೇಕಂತೆ. ಕೆಪಾಸಿಟರ್ ಬದಲಾದ ಮೇಲೆ ಸ್ವಿಚ್ ಹಾಕಿದರೆ ‘ಬೂ’ ಎಂಬ ದನಿ ನಿಲ್ಲದೆ ಎಳೆಯಿತು. ಆನ್ ಆದ ಕೂಡಲೇ ಧ್ವನಿಯ ಚಿಪ್ ತಾನಾಗಿ ಕೂಗುತ್ತದೆ, ಪ್ರೊಸೆಸರ್ ಎದ್ದರೆ ಅದನ್ನು ಸುಮ್ಮನಿರಿಸುತ್ತದೆ. ಎಳೆಯುತ್ತಿದೆ ಎಂದರೆ ಎದ್ದಿಲ್ಲ. ಆವೇದಕರು ಐಸಿಗಳನ್ನು ಒಂದೊಂದಾಗಿ ಎತ್ತಿ, ಕಾಲು ಉಜ್ಜಿ, ಹೆಬ್ಬೆರಳಲ್ಲಿ ಒತ್ತಿ ಕೂರಿಸಿದರು. ಈ ಸಲ ‘ಬೂ’ ಚಿಕ್ಕದಾಯಿತು, ಬೆನ್ನಿಗೇ ‘ಬೀಪ್’ ಬಂತು. ಕೂಲಿ ಕೇಳಿದ್ದು ಇನ್ನೂರು ರೂಪಾಯಿ.

ನಿಮ್ಮ ಅಟ್ಟದಲ್ಲೋ ಶಾಲೆಯ ಬೀರುವಿನಲ್ಲೋ ಇಂಥದ್ದೊಂದು ಇದ್ದರೆ ಗುಜರಿಗೆ ಹಾಕಬೇಡಿ. ಹಾಗೆಂದು ನೆಟ್ಟಗೆ ಪ್ಲಗ್ಗನ್ನೂ ಸಿಕ್ಕಿಸಬೇಡಿ. ಮೊದಲು ಪವರ್ ಸಪ್ಲೈ ಬಿಚ್ಚಿಸಿ, ಲೈನಿನ ಕೆಪಾಸಿಟರ್ ಬದಲಾಯಿಸಿ, ಆಮೇಲೆ ಮಕ್ಕಳ ಕೈಗೆ ಕೊಡಿ. ಬಿಚ್ಚುವ ಕೆಲಸ ಮಾತ್ರ ತಿಳಿದವರಿಂದಲೇ ಆಗಲಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಹೊಡೆದರೆ ಜೋರಾಗಿಯೇ ಹೊಡೆಯುತ್ತದೆ.