ಆ ಒಂದು ಸ್ಕ್ರೂ

ಗೌಡ್ರೇ, ಬೆಳಿಗ್ಗೆಯಿಂದ ನಿಮ್ಮ ಮಗ ಎಸ್ಟೀಮ್ ಕಾರಿಗೆ ರೇಸ್ ಕೊಟ್ಟ ಹೊಡೆತಕ್ಕೆ ನಮ್ಮನೆ ಬೆಕ್ಕು ಅಟ್ಟ ಬಿಟ್ಟು ಇಳಿದಿಲ್ಲ. ತಪ್ಪು ತಿಳೀಬೇಡಿ, ಎರಡು ವೆಬರ್ ಕಾರ್ಬೊರೇಟರ್ ಗಾಳಿ ಎಳೆಯೋ ಸದ್ದು ನನಗೂ ಇಷ್ಟವೇ. ನನ್ನ ತಕರಾರಿರೋದು ಅವನ ಕೈಲಿರೋ ಸ್ಕ್ರೂಡ್ರೈವರ್ ಬಗ್ಗೆ.

ಪಿಕಪ್ ಇಲ್ಲ ಅಂದ್ರೂ ಮಿಕ್ಸ್ಚರ್ ಸ್ಕ್ರೂ, ಪೆಟ್ರೋಲ್ ಕುಡೀತದೆ ಅಂದ್ರೂ ಅದೇ, ಕೈಮರ ದಾಟಿ ಗಿರಿ ಹತ್ತೋವಾಗ ಮಿಸ್ ಹೊಡೆದ್ರೂ ಅದೇ. ಪಾಪ, ಆ ಸ್ಕ್ರೂ ದರ್ಬಾರು ಗಾಡಿ ನಿಂತಲ್ಲೇ ಗುರುಗುಡೋವಾಗ, ಹೆಚ್ಚೆಂದರೆ ಆಕ್ಸಿಲೇಟರನ್ನ ಹಗೂರ ಮುಟ್ಟಿದಾಗ ಮಾತ್ರ. ಪೂರ್ತಿ ಒತ್ತಿದ ಮೇಲೆ ಪೆಟ್ರೋಲ್ ಬರೋದು ಮೇನ್ ಜೆಟ್ಟಿಂದ. ಅಲ್ಲಿ ಸ್ಕ್ರೂ ಮಾತು ಯಾರೂ ಕೇಳಲ್ಲ.

ಅದನ್ನ ಮುಟ್ಟೋಕೂ ಒಂದು ಕ್ರಮ ಇದೆ ನೋಡಿ. ಇಂಜಿನ್ ಚೆನ್ನಾಗಿ ಕಾಯಬೇಕು. ಆಮೇಲೆ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರಿನ ಒಂದೊಂದೇ ಬಾಯಿಗೆ ಹಿಡಿದು, ನಾಲ್ಕರಲ್ಲೂ ಗಾಳಿಯ ಬುಸ್ ಒಂದೇ ಸಮ ಕೇಳೋ ಹಾಗೆ ಮಾಡ್ಕೋಬೇಕು. ಅದಾದ ಮೇಲೆ ಸ್ಕ್ರೂ. ಒಳಗೆ ಕೂರೋವರೆಗೆ ಹಗೂರ ತಿರುಗಿಸಿ (ಬಿಗಿದ್ರೆ ಸೂಜಿಮೊನೆಗೆ ಗಾಯ ಆಗುತ್ತೆ, ಮುಗೀತು), ಒಂದೂವರೆ ಸುತ್ತು ಬಿಚ್ಚಿ, ಇಂಜಿನ್ ಎಲ್ಲಿ ಚುರುಕಾಗಿ ಓಡುತ್ತೋ ಅಲ್ಲಿಗೆ ಬಿಡೋದು. ಎಷ್ಟು ಬಿಚ್ಚಿದ್ರೂ ಚುರುಕಾಗಲಿಲ್ಲ ಅಂದ್ರೆ ಐಡಲ್ ಜೆಟ್ಟೇ ಚಿಕ್ಕದು ಅಂತ ಲೆಕ್ಕ.

ಇನ್ನು ಮೇನ್ ಜೆಟ್. 120 ಅಂತ ಕೊರೆದಿದ್ರೆ ತೂತು 1.20 ಮಿಲಿಮೀಟರ್. ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ತೂಕಕ್ಕೆ 14.7 ತೂಕ ಗಾಳಿ ಬೇಕು ಅಂತ ಪುಸ್ತಕದಲ್ಲಿದೆ. ಆದ್ರೆ ಜೋರು ಬೇಕಾದ ಇಂಜಿನ್ನಿಗೆ 12.5ರಿಂದ 13 ಸಾಕು. ಹೆಚ್ಚಿನ ಪೆಟ್ರೋಲ್ ಆವಿಯಾಗ್ತಾ ಸಿಲಿಂಡರನ್ನ ತಂಪು ಮಾಡುತ್ತೆ. ಅದಕ್ಕೂ ಮಿತಿ ಇದೆ. ರಿಚ್, ಅಂದ್ರೆ ಪೆಟ್ರೋಲ್ ಪಾಲು, ಅತಿಯಾದ್ರೆ ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳ್ಕೊಂಡು ಕೆಳಗಿಳಿಯುತ್ತೆ. ಡಿಪ್‌ಸ್ಟಿಕ್ ಮೂಸಿದ್ರೆ ಗೊತ್ತಾಗುತ್ತೆ.

ಪರೀಕ್ಷೆ ಮಾಡೋದು ಪ್ಲಗ್ಗಿನಲ್ಲಿ. ಏರಿನಲ್ಲಿ ಮೂರನೇ ಗೇರ್, ಪೂರ್ತಿ ಆಕ್ಸಿಲೇಟರ್, ಅದೇ ಓಟದಲ್ಲಿ ಕ್ಲಚ್ ಒತ್ತಿ ಕೀ ಆಫ್. ಲಾಕ್‌ವರೆಗೆ ತಿರುಗಿಸಬಾರದು ಅಂತ ಹುಡುಗನಿಗೆ ಹೇಳಿ, ಸ್ಟೀರಿಂಗ್ ಹಿಡ್ಕೊಳ್ಳುತ್ತೆ. ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿದ್ರೆ ಹಾಲು ಮುಂದಾದ ಕಾಫಿಯ ಬಣ್ಣ ಇರಬೇಕು. ಮಸಿ ಇದ್ರೆ ರಿಚ್, ಬೆಳ್ಳಗಿದ್ರೆ ಲೀನ್, ಅಂದ್ರೆ ಪೆಟ್ರೋಲ್ ಕಮ್ಮಿ. ಮಸಿ ಆದ್ರೆ ತೊಳೀಬಹುದು. ಲೀನ್ ಆದ್ರೆ ಪಿಸ್ಟನ್ ತಲೆಯಲ್ಲೇ ತೂತು.

ನನಗೆ ಹೆದರಿಕೆ ಅದೇ. ಅವನು ಹಾಕಿರೋ 120 ಪುಸ್ತಕದ ಲೆಕ್ಕ, ಅಂದ್ರೆ ಕಡಲ ಮಟ್ಟದ ಗಾಳಿ, ಬರೀ ಪೆಟ್ರೋಲ್. ನಮ್ಮ ಚಿಕ್ಕಮಗಳೂರು ಸಾವಿರ ಮೀಟರ್ ಮೇಲಿದೆ, ಗಾಳಿ ಹತ್ತನೇ ಒಂದು ಪಾಲು ತೆಳು. ಅದರಿಂದ ಮಿಕ್ಸ್ಚರ್ ಸ್ವಲ್ಪ ರಿಚ್ ಆಗುತ್ತೆ. ಬಂಕಿನಲ್ಲಿ ಈಗ ಸಿಗೋದು ಶೇ. 20 ಎಥನಾಲ್ ಬೆರೆಸಿದ್ದು. ಎಥನಾಲಿಗೆ ಒಂದಕ್ಕೆ ಒಂಬತ್ತು ತೂಕ ಗಾಳಿ ಸಾಕು, ಹಾಗಾಗಿ ಹಳೇ ಜೆಟ್ಟಿನಲ್ಲಿ ಮಿಕ್ಸ್ಚರ್ ಲೀನ್ ಕಡೆ ಜಾರುತ್ತೆ. ಇಲ್ಲಿ ಅದೂ ಇದೂ ಬಹುಪಾಲು ವಜಾ ಆಗಿ ಗಾಡಿ ಚೆನ್ನಾಗೇ ಓಡ್ತಿದೆ. ಅವನೋ, ಸ್ಕ್ರೂ ತಿರುಗಿಸಿದ್ದರ ಪುಣ್ಯ ಅಂದ್ಕೊಂಡಿದ್ದಾನೆ.

ಮುಂದಿನ ತಿಂಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಒಯ್ತೀನಿ ಅಂದನಲ್ಲ? ಅಲ್ಲಿ ಗಾಳಿ ಗಟ್ಟಿ. ನಮ್ಮೂರಿನ ರಿಚ್ ಹೋಯ್ತು, ಎಥನಾಲಿನ ಲೀನ್ ಮಾತ್ರ ಉಳೀತು. ಮೇಲಿಂದ ಟ್ರ್ಯಾಕಿನಲ್ಲಿ ಯಾವಾಗಲೂ ಪೂರ್ತಿ ಆಕ್ಸಿಲೇಟರ್. 125 ಹಾಕಿದ್ರೆ ತೂತಿನ ವಿಸ್ತೀರ್ಣ ಶೇ. 8ರಷ್ಟು ಹೆಚ್ಚುತ್ತೆ, ಸುಮಾರಾಗಿ ಬೇಕಾದ್ದೂ ಅಷ್ಟೇ. ಹಾಗಂತ ಇದ್ದ ಜೆಟ್ಟಿಗೇ ತಂತಿ ತೂರಿಸಿ ದೊಡ್ಡದು ಮಾಡೋಕೆ ಹೊರಟಾನು, ಬಿಡಬೇಡಿ. 125 ನಾಲ್ಕು, 130 ನಾಲ್ಕು ಹೊಸದೇ ತರಿಸಲಿ. ಅಲ್ಲಿ ಮೊದಲು 130 ಹಾಕಿ ಓಡಿಸಿ, ಪ್ಲಗ್ ನೋಡ್ಕೊಂಡು ಕೆಳಗಿಳಿಸಲಿ.