ಹಾಡಲು ಬಾಯಿ ತೆರೆಯಿರಿ, ದಯವಿಟ್ಟು ಬಾಯಿ ಬಿಡಬೇಡಿ

ಇವರಿಗೆ,
ಬಸವೇಶ್ವರನಗರ ಮೂರನೇ ಹಂತದ ಮಹಡಿ ಮನೆಯೊಂದರ ಮುಂಗೋಣೆಯಲ್ಲಿ ಸಂಜೆ ಹೊತ್ತು ಚಾಪೆಯ ಮೇಲೆ ಕೂರುವ, ಒಂಬತ್ತು ವರ್ಷದೊಳಗಿನ ಸಂಗೀತ ವಿದ್ಯಾರ್ಥಿ ಮಹನೀಯರು.

ಮಾನ್ಯರೇ,

ತಮ್ಮ ಮೇಲೆ ದೂರು ಬಂದಿದೆ. ಕೊಟ್ಟವಳೂ ನಾನೇ, ವಿಚಾರಣೆ ನಡೆಸುವವಳೂ ನಾನೇ. ಹಾಡಲಿಕ್ಕೆ ಬಾಯಿ ತೆರೆಯಿರಿ ಎಂದರೆ ತಾವು ಪ್ರಶ್ನೆ ಕೇಳಲಿಕ್ಕೆ ತೆರೆಯುತ್ತೀರಿ. ಇದರಿಂದ ಕರ್ನಾಟಕ ಸಂಗೀತಕ್ಕೆ ಹಾನಿಯೇನೂ ಆದಂತಿಲ್ಲ, ಅದು ತಮಗಿಂತ ದೊಡ್ಡವರನ್ನು ಕಂಡಿದೆ. ಹಾನಿಯಾಗಿರುವುದು ನನ್ನ ಗಾಂಭೀರ್ಯಕ್ಕೆ. ಖಾಸಗಿಯಾಗಿ ಬರೆಯಬಹುದಿತ್ತು. ಆದರೆ ಖಾಸಗಿಯಾಗಿ ಹೇಳಿದ್ದನ್ನು ತಾವು ಲಿಫ್ಟಿನಲ್ಲೇ ಎಲ್ಲರಿಗೂ ಹೇಳಿ ಮುಗಿಸುತ್ತೀರಿ. ಆದ್ದರಿಂದ ಬಹಿರಂಗ ಪತ್ರವೇ ಇರಲಿ.

ಮೊದಲನೇ ದಿನದ ಪ್ರಕರಣದಿಂದಲೇ ಶುರು ಮಾಡುತ್ತೇನೆ. ಐನೂರು ವರ್ಷದಿಂದ ನಡೆದುಬಂದ ಕ್ರಮದಂತೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ ಹೇಳಿಕೊಡಲು ಕೂತೆ. ತಮ್ಮಲ್ಲೊಬ್ಬರು, "ಮಾಯಾ ಮಾಲ್ ಎಲ್ಲಿದೆ ಮಿಸ್, ಒರಾಯನ್ ಪಕ್ಕದಲ್ಲಾ?" ಎಂದು ಕೇಳಿದಿರಿ. ಹೋಗಲಿ, ಕಿವಿಯ ದೋಷ ಎಂದು ಬಿಟ್ಟೆ. ಇದು 72 ಮೇಳಕರ್ತ ರಾಗಗಳಲ್ಲಿ 15ನೆಯದು, ವೆಂಕಟಮಖಿ ಅಂತ ಒಬ್ಬರು ಹದಿನೇಳನೇ ಶತಮಾನದಲ್ಲಿ ಈ 72ರ ಲೆಕ್ಕ ಹಾಕಿದರು ಎಂದು ವಿವರಿಸಿದೆ. "ಹಾಗಾದ್ರೆ ಒಂದರಿಂದ ಯಾಕೆ ಶುರು ಮಾಡಲ್ಲ? ಹದಿನೈದನೇ ಮಗ್ಗಿ ಮೊದಲು ಕಲಿಸ್ತಾರಾ?" ಎಂದು ಹಿಂದಿನ ಸಾಲಿನಿಂದ ಬಂತು.

ಕೇಳಬೇಕಾದ ಪ್ರಶ್ನೆಯೇ ಎಂದು ಒಪ್ಪಿಕೊಳ್ಳಲು ನನ್ನ ಹುದ್ದೆ ಅಡ್ಡಬರುತ್ತದೆ. ಆದರೂ ಉತ್ತರಿಸಿದೆ. ಒಂದನೆಯ ಮೇಳ ಕನಕಾಂಗಿ. ಅದನ್ನು ಹಾಡಲು ದೊಡ್ಡ ವಿದ್ವಾಂಸರೇ ಹಿಂದೆಮುಂದೆ ನೋಡುತ್ತಾರೆ. ಮಾಯಾಮಾಳವಗೌಳ ಹಾಗಲ್ಲ. ಸ ರಿ ಗ ಮ ನಡುವೆ ಎಷ್ಟೆಷ್ಟು ಅಂತರವೋ ಪ ದ ನಿ ಸ ನಡುವೆಯೂ ಅಷ್ಟಷ್ಟೇ. ಕೆಳಗಿನ ಅರ್ಧ ಗಂಟಲಿಗೆ ಹತ್ತಿದರೆ ಮೇಲಿನ ಅರ್ಧ ತಾನಾಗಿ ಹತ್ತುತ್ತದೆ. ಎಷ್ಟು ಜಾಣತನದ ಪಠ್ಯಕ್ರಮ ನೋಡಿ ಎಂದು ನಾನು ಉಬ್ಬುತ್ತಿರುವಾಗಲೇ ತಾವು, "ಹಾಗಾದ್ರೆ ಅರ್ಧ ಕಲಿತರೆ ಸಾಕಲ್ವಾ ಮಿಸ್? ಅರ್ಧ ಫೀಸ್ ಕೊಟ್ರೆ ಸಾಕು ಅಂತ ಅಪ್ಪಂಗೆ ಹೇಳ್ತೀನಿ" ಎಂದಿರಿ. ಹೇಳಿಯೂ ಹೇಳಿದಿರಿ. ತಮ್ಮ ತಂದೆಯವರು ಫೋನಿನಲ್ಲಿ ನಕ್ಕರು ನಿಜ, ಆ ನಗುವಿನಲ್ಲಿ ಸ್ವಲ್ಪ ಆಸೆಯೂ ಇತ್ತು.

ಮುಂದಿನ ಹಲ್ಲು ಎರಡೂ ಬಿದ್ದಿರುವ ಮಹನೀಯರದು ಬೇರೆ ಕಡತ. ತಮ್ಮ ಷಡ್ಜ ಥಡ್ಜವಾಗಿ ಹೊರಬರುತ್ತಿದ್ದ ಕಾಲದಲ್ಲಿ ತಾವು, "ಹಲ್ಲು ಬರೋವರೆಗೂ ರಿಯಿಂದ ಶುರು ಮಾಡ್ಲಾ?" ಎಂದು ಸಲ್ಲಿಸಿದ ಮನವಿಯನ್ನು ತಿರಸ್ಕರಿಸಲಾಗಿದೆ. ಷಡ್ಜವಿಲ್ಲದ ಸಂಗೀತವಿಲ್ಲ. ಸ ಮತ್ತು ಪ ಮಾತ್ರ ಒಂದೇ ಕಡೆ ಕೂರುವ ಸ್ವರಗಳು, ಉಳಿದವೆಲ್ಲ ಜಾಗ ಬದಲಿಸುತ್ತವೆ ಎಂದು ನಾನು ಹೇಳಿದ್ದಕ್ಕೆ, "ಅವು ಸ್ವಂತ ಮನೆಯವು, ಬೇರೆಯವು ಬಾಡಿಗೆಯವು" ಎಂದು ತಾವು ಷರಾ ಬರೆದಿರಿ. ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವ ಕುಟುಂಬದ ಕುಡಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬಡಾವಣೆಯ ನಕ್ಷೆಯನ್ನು ಶಾಸ್ತ್ರದೊಳಗೆ ನುಗ್ಗಿಸುವ ಚಾಳಿ ತಮ್ಮೆಲ್ಲರಿಗೂ ಇದೆ. ಮಂದ್ರ, ಮಧ್ಯ, ತಾರ ಎಂದು ಮೂರು ಸ್ಥಾಯಿ ಎಂದರೆ, "ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್, ಥರ್ಡ್ ಸ್ಟೇಜ್!" ಎಂದು ಕಿರುಚಿದಿರಿ. ದಾಟು ವರಸೆ ಎಂದರೆ, "ಕಾರ್ಡ್ ರೋಡ್ ದಾಟೋದಾ?" ಎಂದಿರಿ. ಚತುಶ್ರುತಿ ರಿಷಭವೂ ಶುದ್ಧ ಗಾಂಧಾರವೂ ಒಂದೇ ಸ್ಥಾನ, ಹೆಸರು ಮಾತ್ರ ಬೇರೆ. ಹೀಗೆ 12 ಸ್ಥಾನಕ್ಕೆ 16 ಹೆಸರು ಎಂಬ ಕಗ್ಗಂಟನ್ನು ಬಿಡಿಸಲು ನಾನು ಹಲಗೆ, ಸೀಮೆಸುಣ್ಣ ಹಿಡಿದು ಒದ್ದಾಡುತ್ತಿದ್ದೆ. ತಾವು ಮಾತ್ರ ಆಕಳಿಸುತ್ತ, "ನಮ್ಮ ಎಂಬತ್ತಡಿ ರೋಡಿಗೂ ಸಿದ್ಧಯ್ಯ ಪುರಾಣಿಕ ರೋಡ್ ಅಂತಾರೆ" ಎಂದಿರಿ. ಆ ರಸ್ತೆಗೆ ಒಬ್ಬ ಕನ್ನಡ ಕವಿಯ ಹೆಸರಿದೆ ಎಂಬುದು ಅಲ್ಲೇ ಮನೆ ಮಾಡಿಕೊಂಡಿರುವ ಎಷ್ಟೋ ಹಿರಿಯರಿಗೆ ಗೊತ್ತಿಲ್ಲ. ತಮಗೆ ಗೊತ್ತಿತ್ತಲ್ಲ ಎಂಬ ಸಂತೋಷದಲ್ಲಿ ಅಂದು ಬೈಯುವುದು ಮರೆತುಹೋಯಿತು.

ಆದರೆ ಮಲಹರಿಯ ವಿಷಯ ಮರೆಯುವಂಥದ್ದಲ್ಲ. ಪುರಂದರದಾಸರ ಪಿಳ್ಳಾರಿ ಗೀತೆಗಳು ಇರುವುದು ಈ ರಾಗದಲ್ಲಿ. ಹತ್ತುವಾಗ ಗಾಂಧಾರ ಇಲ್ಲ, ಇಳಿಯುವಾಗ ಇದೆ. ನಿಷಾದ ಎರಡು ಕಡೆಯೂ ಇಲ್ಲ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ತೀರ್ಪು ಬಂತು: "ಗ ಒನ್ ವೇ, ನಿ ಆಬ್ಸೆಂಟ್." ರಾಗಲಕ್ಷಣಗಳನ್ನು ಪುಟಗಟ್ಟಲೆ ಬರೆದ ಶಾಸ್ತ್ರಕಾರರು ಇದನ್ನು ಕೇಳಿದ್ದರೆ ಲೇಖನಿ ಕೆಳಗಿಡುತ್ತಿದ್ದರು. ಅಂದಿನಿಂದ ತಾವು ಯಾರೂ ಮಲಹರಿಯ ಆರೋಹಣದಲ್ಲಿ ಗಾಂಧಾರ ಹಾಕಿಲ್ಲ. ಯಾರಾದರೂ ತಪ್ಪಿ ಹಾಕಿದರೆ ಪಕ್ಕದವರು ಟ್ರಾಫಿಕ್ ಪೊಲೀಸರ ಸೀಟಿ ಊದುತ್ತೀರಿ. ಹಾವನೂರು ವೃತ್ತದಲ್ಲಿ ಎದುರಿನಿಂದ ಸ್ಕೂಟರ್ ನುಗ್ಗಿಸುವ ತಮ್ಮ ಪೋಷಕರಿಗೂ ಯಾರಾದರೂ ಮಲಹರಿ ಕಲಿಸಬೇಕು. ಇದು ವಿಷಯಾಂತರ, ಬಿಡಿ.

ಪುರಂದರದಾಸರ ಹೆಸರು ಬಂತು. ಸಂಗೀತ ಪಿತಾಮಹರ ಕಥೆಯನ್ನು ನಾನು ಭಕ್ತಿಯಿಂದಲೇ ಹೇಳಿದೆ. ದಾಸರಾಗುವ ಮೊದಲು ಅವರು ಶ್ರೀನಿವಾಸ ನಾಯಕರು, ಚಿನ್ನಬೆಳ್ಳಿಯ ವ್ಯಾಪಾರಿ, ಜನ ನವಕೋಟಿ ನಾರಾಯಣ ಎನ್ನುತ್ತಿದ್ದರು. ಎಲ್ಲ ದಾನ ಮಾಡಿ ತಂಬೂರಿ ಹಿಡಿದು ಹಂಪಿಗೆ ಬಂದರು, ವ್ಯಾಸರಾಯರ ಶಿಷ್ಯರಾದರು. ಕಣ್ಣೀರು ಬರಬೇಕಾದ ಜಾಗದಲ್ಲಿ ತಮ್ಮ ಪ್ರಶ್ನೆ: "ಒಂಬತ್ತು ಕೋಟಿಗೆ ಇಲ್ಲಿ ಥರ್ಟಿ ಫಾರ್ಟಿ ಸೈಟ್ ಬರುತ್ತಾ?" ಬರುತ್ತದೆ, ಮೇಲೆ ಮನೆಯೂ ಏಳುತ್ತದೆ ಎಂದು ಇನ್ನೊಬ್ಬರು ಹೇಳಿದರು. ಮತ್ತೊಬ್ಬರು, "ಹಾಗಾದ್ರೆ ಯಾಕೆ ಕೊಟ್ಟುಬಿಟ್ರು? ಅವರ ಹೆಂಡ್ತಿ ಏನೂ ಅನ್ಲಿಲ್ವಾ?" ಎಂದರು. ಹೆಂಡತಿಯ ಮೂಗುತಿಯಿಂದಲೇ ಅವರ ಕಣ್ಣು ತೆರೆಯಿತು ಎಂದೆ. "ಅದೇ ಅನ್ಕೊಂಡೆ" ಎಂದು ತಲೆಯಾಡಿಸಿದಿರಿ, ಎಂಟು ವರ್ಷದ ವೈರಾಗ್ಯದಿಂದ.

ದಾಸರು 4,75,000 ಪದ ರಚಿಸಿದರೆಂಬುದು ಪ್ರತೀತಿ, ಈಗ ಸಿಕ್ಕಿರುವುದು ಸಾವಿರದ ಆಸುಪಾಸು ಎಂದು ನಾನು ವ್ಯಥೆಯಿಂದ ಹೇಳಿದಾಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಎರಡು ಜುಟ್ಟಿನವರು ಕೈಯೆತ್ತಿದಿರಿ. "ಮಿಕ್ಕಿದ್ದನ್ನ ಯಾರೂ ಹುಡುಕಬೇಡಿ ಮಿಸ್, ಪ್ಲೀಸ್."

ಈಗ ತಮ್ಮ ಹಿರಿಯರ ವಿಷಯ. ತಾವು ಮನೆಯಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಇಲ್ಲಿ ತಂದು ಸುರಿಯುತ್ತೀರಿ. ಇದು ಅತ್ಯಂತ ಗಂಭೀರವಾದ ಆರೋಪ. ತಮ್ಮನ್ನು ಇಲ್ಲಿಗೆ ಏಕೆ ಕಳಿಸುತ್ತಾರೆ ಎಂದು ನಾನು ಒಮ್ಮೆ ಸುಮ್ಮನೆ ಕೇಳಿದೆ. ರಾಗ, ಭಾವ, ಸಂಸ್ಕೃತಿ ಇತ್ಯಾದಿ ಉತ್ತರ ಬರಲಿ ಎಂದಿದ್ದೆ. ಬಂದವು ಇವು: "ಸಂಗೀತ ಕಲಿತರೆ ಮ್ಯಾತ್ಸ್ ಬರುತ್ತಂತೆ." "ಅಬಾಕಸ್ ಐದು ಗಂಟೆಗೆ ಮುಗಿಯುತ್ತೆ, ಈಜು ಏಳಕ್ಕೆ, ನಡುವೆ ಎಲ್ಲಿ ಬಿಡೋದು ಅಂತ." "ಎದುರು ಮನೆಯವಳು ಜೂನಿಯರ್ ಪಾಸಾದಳಲ್ಲ, ಅದಕ್ಕೆ." ಇನ್ನೊಬ್ಬರು, "ಟೀವೀಲಿ ಹಾಡಿದ್ರೆ ಜಡ್ಜ್‌ಗಳು ಅಳ್ತಾರೆ, ನೀವ್ಯಾಕೆ ಅಳಲ್ಲ?" ಎಂದು ನನ್ನನ್ನೇ ಪ್ರಶ್ನಿಸಿದಿರಿ. ನಾನು ಅಳುವುದಿಲ್ಲ ಎಂದು ಯಾರು ಹೇಳಿದರು? ತಾವು ಮನೆಗೆ ಹೋದ ಮೇಲೆ ಅಳುತ್ತೇನೆ.

ಮ್ಯಾತ್ಸ್ ವಾದವನ್ನು ತಾವೇ ಉರುಳಿಸಿದಿರಿ, ಆ ಪುಣ್ಯ ನನಗೆ ಬೇಡ. ಆದಿತಾಳಕ್ಕೆ ಒಂದು ಲಘು, ಎರಡು ದ್ರುತ, ಒಟ್ಟು ಎಂಟು ಅಕ್ಷರ. ಒಂದು ಪೆಟ್ಟು ಹಾಕಿ ಕಿರುಬೆರಳಿನಿಂದ ಎಣಿಸುತ್ತ ಬನ್ನಿ ಎಂದೆ. "ಸ್ಕೂಲಲ್ಲಿ ಬೆರಳು ಎಣಿಸಿದ್ರೆ ಮ್ಯಾತ್ಸ್ ಮಿಸ್ ಬೈತಾರೆ, ಎಣಿಸದೇ ಇದ್ರೆ ನೀವು ಬೈತೀರ. ನೀವಿಬ್ರೂ ಮೊದಲು ಮಾತಾಡ್ಕೊಳ್ಳಿ." ಮಾತಾಡಿಕೊಳ್ಳುವ ವಿಚಾರ ಪರಿಶೀಲನೆಯಲ್ಲಿದೆ. ಹಾಗೆಯೇ, ಮೂರನೇ ಕಾಲದಲ್ಲಿ ಹಾಡಿದರೆ ಪಾಠ ಬೇಗ ಮುಗಿಯುವುದೇ ಎಂಬ ಅರ್ಜಿಗೂ ಉತ್ತರ ಇಲ್ಲ ಎಂದೇ.

ಅಭ್ಯಾಸ ಏಕೆ ಮಾಡಿಲ್ಲ ಎಂದು ಕೇಳಿದಾಗ ಒಬ್ಬರು ಕೊಟ್ಟ ಹೇಳಿಕೆಯನ್ನು ಯಥಾವತ್ತಾಗಿ ಇಲ್ಲಿ ದಾಖಲಿಸುತ್ತೇನೆ: "ಅಪ್ಪ ಮನೇಲೇ ಆಫೀಸ್ ಕೆಲಸ ಮಾಡ್ತಾರೆ. ಮೀಟಿಂಗ್ ಇದ್ದಾಗ ಹಾಡಬೇಡ ಅಂತಾರೆ. ಮೀಟಿಂಗ್ ಮುಗಿದ ಮೇಲೆ ತಲೆನೋವು, ಹಾಡಬೇಡ ಅಂತಾರೆ. ರಾತ್ರಿ ಅಜ್ಜಿ ಸೀರಿಯಲ್. ಬೆಳಿಗ್ಗೆ ಕೆಳಗಿನ ಮನೆ ಅಂಕಲ್ ಬೈತಾರೆ. ಆಮೇಲೆ ಎಲ್ಲರೂ ಸೇರಿ ಅಭ್ಯಾಸ ಯಾಕೆ ಮಾಡಲ್ಲ ಅಂತಾರೆ." ಇದಕ್ಕೆ ನನ್ನಲ್ಲಿ ಮರುಪ್ರಶ್ನೆ ಇಲ್ಲ. ಅಭ್ಯಾಸ ಮಾಡದೆ ಸದಾ ಶ್ರುತಿಯಲ್ಲಿರುವುದು ನಮ್ಮ ಎಲೆಕ್ಟ್ರಾನಿಕ್ ತಂಬೂರಿ ಒಂದೇ. ಅದನ್ನೂ ತಾವು ಬಿಡಲಿಲ್ಲ: "ಅದು ಸೀನಿಯರ್ ಪಾಸಾಗಿದೆಯಾ?"

ನವರಾತ್ರಿಯಲ್ಲಂತೂ ತಮ್ಮ ವ್ಯವಹಾರ ಬುದ್ಧಿ ತುದಿ ಮುಟ್ಟುತ್ತದೆ. ಬೊಂಬೆ ನೋಡಲು ಹೋದ ಮನೆಯಲ್ಲೆಲ್ಲ ಪಲ್ಲವಿ ಮಾತ್ರ ಹಾಡಿ ಎದ್ದು ಬರುತ್ತೀರೆಂದು ಸುದ್ದಿ. ಅನುಪಲ್ಲವಿ, ಚರಣ ಎಲ್ಲಿ ಎಂದು ಕೇಳಿದೆ. "ಪಲ್ಲವಿ ಹಾಡಿದ್ರೂ ಒಂದೇ ಚಕ್ಕುಲಿ, ಪೂರ್ತಿ ಹಾಡಿದ್ರೂ ಒಂದೇ ಚಕ್ಕುಲಿ ಮಿಸ್. ಇನ್ನೂ ನಾಲ್ಕು ಮನೆ ಇರುತ್ತೆ." ಕಛೇರಿ ಮಾಡುವ ದೊಡ್ಡ ಕಲಾವಿದರಿಗೆ ಈ ಲೆಕ್ಕ ಹೊಳೆದಿಲ್ಲವಲ್ಲ ಎಂಬುದೇ ರಸಿಕರ ಭಾಗ್ಯ.

ಕೊನೆಯದಾಗಿ, ವರಾಳಿ. ಈ ರಾಗವನ್ನು ಗುರು ಶಿಷ್ಯರಿಗೆ ಎದುರು ಕೂರಿಸಿಕೊಂಡು ಕಲಿಸಿದರೆ ಇಬ್ಬರಿಗೂ ಜಗಳವಾಗುತ್ತದೆ, ಆದ್ದರಿಂದ ಕೇಳಿಯೇ ಕಲಿಯಬೇಕು ಎಂಬ ನಂಬಿಕೆ ಸಂಗೀತಗಾರರಲ್ಲಿದೆ. ತ್ಯಾಗರಾಜರ ಪಂಚರತ್ನಗಳಲ್ಲಿ ವರಾಳಿಯದು ಆರಾಧನೆಗಳಲ್ಲಿ ಅಷ್ಟು ಎಲ್ಲರ ಬಾಯಲ್ಲಿ ಕೇಳಿಬರದಿರಲು ಇದೂ ಒಂದು ಕಾರಣ ಎನ್ನುತ್ತಾರೆ. ಇದನ್ನು ನಾನು ಒಬ್ಬ ಪೋಷಕರೊಂದಿಗೆ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದಾಗ ತಾವು ಚಪ್ಪಲಿ ಹುಡುಕುವ ನೆಪದಲ್ಲಿ ಕೇಳಿಸಿಕೊಂಡಿರಿ. ಮರುದಿನ ಚಾಪೆಯ ಮೇಲೆ ಎಲ್ಲರೂ ಸಾಲಾಗಿ ಕೈಕಟ್ಟಿ ಕೂತು, ಹಿಂದೆಂದೂ ಕಾಣದ ವಿನಯದಿಂದ, "ಮಿಸ್, ವರಾಳಿ ಹೇಳಿಕೊಡಿ" ಎಂದಿರಿ.

ತಮ್ಮ ಮನವಿಯನ್ನು ತಾತ್ವಿಕವಾಗಿ ಅಂಗೀಕರಿಸಲಾಗಿದೆ. ಆದರೆ ಕ್ರಮ ಪ್ರಕಾರ ಮೊದಲು ಜಂಟಿ ವರಸೆ, ಅಲಂಕಾರ, ಗೀತೆ, ಸ್ವರಜತಿ, ವರ್ಣ, ಆಮೇಲೆ ಕೃತಿಗಳು, ಅದೆಲ್ಲ ಆದ ಮೇಲೆ ವರಾಳಿ. ಅಷ್ಟರಲ್ಲಿ ತಾವು ಪಿಯುಸಿಯಲ್ಲಿರುತ್ತೀರಿ, ಜಗಳಕ್ಕೆ ರಾಗದ ನೆಪವೇ ಬೇಕಾಗುವುದಿಲ್ಲ. ಬುಧವಾರ ಐದೂವರೆಗೆ ಜಂಟಿ ವರಸೆ ಒಪ್ಪಿಸಬೇಕು. ಎಲ್ಲರೂ ಬನ್ನಿ, ನೀರಿನ ಬಾಟಲಿ ತನ್ನಿ, ಹಲ್ಲು ಬಂದವರು ಸದಿಂದ ಶುರು ಮಾಡಿ.

ಇಂತಿ,
ತಮ್ಮ ಮಿಸ್