ಅಧ್ಯಕ್ಷರು ಬಂದರು, ಸೀಟು ಬಿಡಿ

(ಮಂಡ್ಯದಿಂದ ಮದ್ದೂರಿನತ್ತ ಹೊರಟ ಕೆಂಪು ಬಸ್ಸು. ‘ಮಹಿಳೆಯರಿಗೆ’ ಎಂದು ಬರೆದ ಸೀಟಿನಲ್ಲಿ ಪೊದೆ ಮೀಸೆಯವರೊಬ್ಬರು. ಪಕ್ಕದಲ್ಲಿ ಪುಣೆಯಿಂದ ಊರು ನೋಡಲು ಬಂದ ಪ್ರವಾಸಿ.)

ಪ್ರವಾಸಿ: ಸಾರ್, ಇದು ಲೇಡೀಸ್ ಸೀಟಲ್ವಾ?

ಮೀಸೆ: ಪಂಚಾಯ್ತೀಲೂ ಲೇಡೀಸ್ ಸೀಟಲ್ಲೇ ಕೂರೋದು ಕಣ್ರೀ. ಅಧ್ಯಕ್ಷ ನಾನು!

ಪ್ರವಾಸಿ: ಪಂಚಾಯ್ತಿ ಬೋರ್ಡಲ್ಲಿ ಗೌರಮ್ಮ ಅಂತಿತ್ತು?

ಮೀಸೆ: ನಮ್ಮನೆಯೋಳು. ಸಹಿ ಅವಳದು, ಸೀಲು ನನ್ನ ಜೇಬಲ್ಲಿ.

ಅಜ್ಜಿ (ಹಿಂದಿನ ಸೀಟಿಂದ): ಅರ್ಧಕ್ಕರ್ಧ ಮೀಸಲು ಅಂದಂಗಿತ್ತು. ಕಿವಿ ಮಂದ ನೋಡಿ, ಮೀಸೆಗೆ ಅಂದಿರ್ಬೇಕು.

ಪ್ರವಾಸಿ: ನಮ್ಮ ಪುಣೇಲಿ 1848ರಲ್ಲಿ ಸಾವಿತ್ರಿಬಾಯಿ ಫುಲೆ ಪಾಠ ಹೇಳೋಕೆ ಹೊರಟ್ರೆ ಸಗಣಿ ಎರಚ್ತಿದ್ರಂತೆ.

ಮೀಸೆ: ಛೆ, ಅನಾಗರಿಕರು! ನಾವು ಹಾರ ಹಾಕಿ, ಫೋಟೊ ತೆಗೆಸಿ, ಮನೇಲಿ ಬಿಟ್ಟು ಬರ್ತೀವಿ.

ಪ್ರವಾಸಿ: ಮಗಳನ್ನ ಓದಿಸಿದೀರಾ?

ಮೀಸೆ: ಬಿಇ! ಲಗ್ನಪತ್ರಿಕೇಲಿ ಎಷ್ಟು ಚೆನ್ನಾಗಿ ಕಾಣ್ತು ಅಂತೀರಾ.

ಪ್ರವಾಸಿ: ಕೆಲಸ?

ಮೀಸೆ: ಬೀಗರ ಮನೇಲಿ ಬೇಕಾದಷ್ಟಿದೆ.

ಅಜ್ಜಿ: ಆಸ್ತೀಲಿ ಪಾಲು ಕೊಟ್ಯೇನಪ್ಪ? 2005ರಿಂದ ಸಮಪಾಲಂತೆ.

ಮೀಸೆ: ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರ ಬರೆಸ್ಕೊಂಡೆ. ಓದ್ಸಿದ್ದು ಸಾರ್ಥಕ ಅಜ್ಜಿ, ಇಂಗ್ಲಿಷಲ್ಲೇ ಸೈನ್ ಹಾಕಿದ್ಲು!

ಪ್ರವಾಸಿ: ಲೋಕಸಭೆಗೂ ಮಹಿಳಾ ಮೀಸಲು ಕಾನೂನು 2023ರಲ್ಲೇ ಆಯ್ತಲ್ಲ?

ಮೀಸೆ: ಜನಗಣತಿ, ಕ್ಷೇತ್ರ ವಿಂಗಡಣೆ ಎಲ್ಲ ಆಗ್ಲಿ ಬಿಡಿ, ಅಷ್ಟರಲ್ಲಿ ನಾನೂ ಒಂಚೂರು ಹಿಂದಿ ಕಲೀತೀನಿ.

ಕಂಡಕ್ಟರ್: ಯಾರ್ರೀ ಟಿಕೆಟ್?

ಮೀಸೆ: ಶಕ್ತಿ ಯೋಜನೆ.

ಕಂಡಕ್ಟರ್: ಅದು ಹೆಂಗಸ್ರಿಗೆ ಸ್ವಾಮಿ!

ಮೀಸೆ (ಗೌರಮ್ಮನ ಆಧಾರ್ ಕಾರ್ಡು ತೆಗೆದು): ಅವಳ ಬದಲು ಸಭೆಗೆ ಹೋದ್ರೆ ಪಿಡಿಒ ಸಾಹೇಬ್ರೇ ಕೇಳಲ್ಲ, ನಿಂದೇನಯ್ಯ?